ಸದ್ದಡಗಿಸುವ ಹೆಡ್‌ಫೋನ್

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅದರ ಗೋಡೆಗೆ ಹತ್ತಿಕೊಂಡೇ ಒಂದು ಕಲ್ಯಾಣ ಮಂಟಪ. ಮದುವೆ ಯಾರದ್ದೇ ಆಗಲಿ, ತಲೆನೋವು ಮಾತ್ರ ಶಿಷ್ಯ ಬಸಲಿಂಗನದು.

ಅಲ್ಲಿ ಡಿಜೆ ಶುರುವಾದರೆ ಇಲ್ಲಿ ಅವನ ಧ್ಯಾನ ಎದ್ದು ಓಡಿಹೋಗುತ್ತಿತ್ತು. ಗುರು ಅಡವಯ್ಯನವರು ಮಾತ್ರ ಕಲ್ಲಿನ ಹಾಗೆ ಕೂತಿರುತ್ತಿದ್ದರು. ಅವರನ್ನು ನೋಡಿದಷ್ಟೂ ಅವನಿಗೆ ನಾಚಿಕೆ. ಈ ದಾರಿ ತನ್ನಂಥವನಿಗಲ್ಲ, ಮಠ ಬಿಡುವುದೇ ಸರಿ ಎಂದುಕೊಂಡಿದ್ದ.

ಕೊನೆಯದೊಂದು ಪ್ರಯತ್ನವೆಂದು, ಹೊರಗಿನ ಸದ್ದನ್ನೆಲ್ಲ ಅಡಗಿಸುವ ಹೆಡ್‌ಫೋನನ್ನು ಗೆಳೆಯನಿಂದ ಎರವಲು ತಂದು ಗುರುಗಳೆದುರು ಕೂತ. ಮಂಟಪದಲ್ಲಿ ಅಂದೂ ಡಿಜೆ ಅಬ್ಬರಿಸುತ್ತಿತ್ತು.

"ಅಜ್ಜಾರ, ಇಂಥಾದ್ದೊಂದು ಕೊಳ್ಳಲೋ ಬ್ಯಾಡೋ, ನೀವೇ ಹೇಳ್ರಿ."

"ಹಾಕ್ಕೊಂಡ ನೋಡಿಯೇನು?"

"ನೋಡೀನ್ರಿ. ಡಿಜೆ ಸತ್ತಂಗಾತ್ರಿ!"

"ಎಲ್ಲಿ, ನನಗ ಹಾಕು."

ಬಸಲಿಂಗ ಹಾಕಿ, ಗುಂಡಿ ಒತ್ತಿದ.

"ಹೆಂಗನಸ್ತೇತ್ರಿ?"

"ಕಿವಿ ಬೆಚ್ಚಗಾದವು."

"ಸದ್ದು ನಿಂತಿಲ್ಲೇನ್ರಿ?"

"ಯಾವ ಸದ್ದು?"

ಎಂಥಾ ಸಿದ್ಧಿ! ಬಸಲಿಂಗ ಕೈಮುಗಿದು ಹೆಡ್‌ಫೋನ್ ತೆಗೆದ.

ಅಷ್ಟರಲ್ಲಿ ಕಿಟಕಿಯ ಹೊರಗೇ ಪಟಾಕಿ ಸರ ಸಿಡಿಯಿತು. ಅವನು ಬೆಚ್ಚಿ ಅತ್ತ ತಿರುಗಿದ. ಗುರುಗಳಿಗೆ ಬೆನ್ನು ಮಾಡಿ ಮಾತಾಡಬಾರದೆಂಬುದು ಮಠದ ಕಟ್ಟಳೆ. ಗಾಬರಿಯಲ್ಲಿ ಅದೂ ಮರೆತುಹೋಯಿತು.

"ಅಜ್ಜಾರ, ಹೊಗಿ ಬರಾಕತ್ತೇತಿ. ಕಿಟಕಿ ಮುಚ್ಚಲ್ರಿ?"

ಉತ್ತರವಿಲ್ಲ. ಇನ್ನೂ ಗಟ್ಟಿಯಾಗಿ ಕೇಳಿದ. ಆಗಲೂ ಇಲ್ಲ. ತಿರುಗಿ ನೋಡಿದರೆ, ಗುರುಗಳ ಕಣ್ಣು ಅವನ ತುಟಿಗಳನ್ನು ಹುಡುಕುತ್ತಿತ್ತು.

"ಏನಂದಿ? ಈ ಕಡೆ ಮಾರಿ ಮಾಡಿ ಹೇಳಪಾ."

ಬಸಲಿಂಗನಿಗೆ ಥಟ್ಟನೆ ಹೊಳೆಯಿತು. ಆ ಕಟ್ಟಳೆ ಇದ್ದದ್ದು ಭಕ್ತಿಗಲ್ಲ!

"ಅಜ್ಜಾರ... ನಿಮಗ ಕಿವಿ..."

"ಕೇಳೂದಿಲ್ಲ. ನೀ ಮಠಕ್ಕ ಬರೂಕಿಂತ ಮದಲ ಹೋದವು."

ಯಾರನ್ನು ನೋಡಿ ತನ್ನನ್ನು ಹಳಿದುಕೊಂಡಿದ್ದನೋ ಅವರಿಗೆ ಡಿಜೆ ಕೇಳಿಸಿಯೇ ಇರಲಿಲ್ಲ. ದುಃಖವೂ ಬಂತು, ಸಿಟ್ಟೂ ಬಂತು.

"ನಿಮ್ಮ ಧ್ಯಾನ ನೋಡಿ ನಾ ಮಠಾನ ಬಿಟ್ಟ ಹೊಂಟಿದ್ನಲ್ರಿ! ಯಾಕ ಹೇಳಲಿಲ್ರಿ?"

"ನೀ ಕೇಳಲಿಲ್ಲ."

ಗುರುಗಳು ಕಿಟಕಿಯ ಬಳಿ ಹೋಗಿ ನಿಂತರು. ಮಂಟಪದ ಬಾಗಿಲಲ್ಲಿ ಸನಾದಿ ಊದುವವನ ಕೆನ್ನೆಗಳು ಉಬ್ಬುತ್ತಿದ್ದವು, ಇಳಿಯುತ್ತಿದ್ದವು. ಅವರು ಬಹಳ ಹೊತ್ತು ಆ ಕೆನ್ನೆಗಳನ್ನೇ ನೋಡಿದರು.

ಬಸಲಿಂಗ ಅವರೆದುರಿಗೆ ಬಂದು, ಮುಖಕ್ಕೆ ಮುಖ ಕೊಟ್ಟು ಮೆಲ್ಲಗೆ ಕೇಳಿದ.

"ಹಂಗಾದ್ರ ಇದನ್ನ ಕೊಳ್ಳಬ್ಯಾಡೇನ್ರಿ?"

"ಕೊಳ್ಳಪಾ. ತಗ್ಯಾಕ ಬರೂವಂಥಾದ್ದನ್ನ ಕೊಳ್ಳು."