ಬಾಗಿಲಿಲ್ಲದ ಬಿಡಾರ

“ಬಾಗಿಲುಗಳನ್ನೆಲ್ಲ ನೋಡಿದರೆ ಊರನ್ನೆಲ್ಲ ನೋಡಿದಂತೆ ಎಂದು ನಮ್ಮ ಡಬ್ಬಿಯ ಹಿರಿಯರು ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು,” ಎಂದಿತು ಸೀಮೆಸುಣ್ಣ. ದೇಶವ್ಯಾಪಿ ಪೋಲಿಯೊ ಅಭಿಯಾನ ಅಂದಿಗೆ ಮುಗಿದಿತ್ತು. ಹನಿ ಹಾಕಿದ ಮನೆಯ ಬಾಗಿಲಿಗೆ ಗುರುತು ಬರೆಯುವುದು ಸೀಮೆಸುಣ್ಣದ ಕೆಲಸ. ಹನಿ ಕುಡಿದ ಮಗುವಿನ ಕಿರುಬೆರಳಿಗೆ ಮಸಿ ಹಚ್ಚುವುದು ಪೆನ್ನಿನ ಕೆಲಸ. “ಗುರುತಿಲ್ಲದ ಬಾಗಿಲು ಒಂದೂ ಉಳಿದಿಲ್ಲ. ಊರು ಪೂರ್ಣವಾಯಿತೆಂದು ವರದಿ ಕೊಡೋಣ.”

“ಹಿರಿಯರ ಮಾತು ಸರಿಯೇ, ಅಣ್ಣಾ?” ಎಂದು ಪೆನ್ನು ಕೇಳಿತು. “ಹನಿ ಕುಡಿಯುವುದು ಮಗುವಲ್ಲವೆ? ಬೆರಳುಗಳನ್ನೂ ಒಮ್ಮೆ ನೋಡಿ ಬರೋಣ.”

“ನಿನಗೆ ಮಸಿ ಹೆಚ್ಚಾಗಿದೆ, ತಮ್ಮಾ,” ಎಂದು ನಗುತ್ತಲೇ ಸೀಮೆಸುಣ್ಣ ಜೊತೆಗೆ ಹೊರಟಿತು.

ಬೀದಿಯ ಮಕ್ಕಳ ಬೆರಳುಗಳಲ್ಲೆಲ್ಲ ಮಸಿಯಿತ್ತು. ಊರಂಚಿನ ಇಟ್ಟಿಗೆ ಗೂಡಿನ ಬಳಿ, ಕೂಲಿಗೆ ಬಂದವರ ಬಿಡಾರದ ಮುಂದೆ ಎರಡೂ ನಿಂತವು. ಗೋಣಿಯ ಪರದೆ ತಾನೇ ಸರಿದು ದಾರಿ ಬಿಟ್ಟಿತು. ಒಳಗಿನಿಂದ ಅಂಬೆಗಾಲಿಡುತ್ತ ಬಂದ ಮಗು ಎರಡೂ ಕೈ ಚಾಚಿತು. ಯಾವ ಬೆರಳಿನಲ್ಲೂ ಮಸಿಯಿರಲಿಲ್ಲ.

“ನಿನ್ನನ್ನು ನಾನು ನೋಡಲೇ ಇಲ್ಲವಲ್ಲ,” ಎಂದಿತು ಸೀಮೆಸುಣ್ಣ ಪರದೆಗೆ.

“ನೋಡಿದಿರಿ, ಸ್ವಾಮಿ. ಬಾಗಿಲೋ ಅಲ್ಲವೋ ಎಂದು ನನ್ನ ಮೇಲೆ ಗೀಚಿಯೂ ನೋಡಿದಿರಿ. ಗೋಣಿಯ ಮೇಲೆ ಗುರುತು ಮೂಡಲಿಲ್ಲ. ‘ಇದು ಬಾಗಿಲಲ್ಲ’ ಎಂದು ಹೊರಟುಹೋದಿರಿ. ಆಗಲೂ ಮಗು ಒಳಗೇ ಇತ್ತು.”

ಊರಿಗೆ ಹಿಂದಿರುಗಿದಾಗ ಲಸಿಕೆಯ ಪೆಟ್ಟಿಗೆಯೂ ಸೀಸೆಗಳೂ ಪ್ರಯಾಣಕ್ಕೆ ಸಿದ್ಧವಾಗಿದ್ದವು. ಸೀಮೆಸುಣ್ಣ ಎಲ್ಲರೆದುರು ನಿಂತು ಹೇಳಿತು: “ಊರು ಪೂರ್ಣವಾಗಿಲ್ಲ. ಪೆಟ್ಟಿಗೆ ಈಗಲೇ ಇಟ್ಟಿಗೆ ಗೂಡಿಗೆ ಬರಬೇಕು. ಇನ್ನು ಮುಂದೆ ಮಕ್ಕಳ ಬೆರಳು ನೋಡಿಯೇ ವರದಿ ಕೊಡುತ್ತೇವೆ.”