ಬೋರಲಿಂಗನ ಲ್ಯಾಬಿನ ಕೆಲಸ

ಹೂಂಗುಡ್ತೀರಾ? ಹಂಗಾದ್ರೆ ಹೇಳ್ತೀನಿ. ದೊಡ್ಡತಾಯಮ್ಮನಿಗೆ ಒಬ್ಬನೇ ಮಗ, ಬೋರಲಿಂಗ. ಮೀಸೆ ಬಲಿತಿತ್ತು, ಬುದ್ಧಿ ಬಲಿತಿರಲಿಲ್ಲ. "ಬಾಗಿಲು ನೋಡ್ಕೊಳ್ಳೋ" ಅಂದ್ರೆ ಬಾಗಿಲನ್ನೇ ನೋಡ್ತಾ ಕೂರೋನು. ಹಿತ್ತಲಿಂದ ಕಳ್ಳ ಬಂದು ಹೋದ್ರೂ ತಿರುಗೋನಲ್ಲ.

"ಕೆಲಸ ಇಲ್ಲದೋನಿಗೆ ಯಾರು ಹೆಣ್ಣು ಕೊಡ್ತಾರೋ, ನನ್ನಪ್ಪಾ!" ಅಂತ ಅತ್ತು ಕರೆದು, ತಾಯಿ ಅವನನ್ನ ಪೇಟೆ ಆಸ್ಪತ್ರೆಯ ಲ್ಯಾಬಿಗೆ ಸೇರಿಸಿದಳು. ಆಪರೇಷನ್‌ನಲ್ಲಿ ತೆಗೆದ ಮಾಂಸದ ಚೂರನ್ನ ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಹೇಳೋ ಜಾಗ ಅದು. ಅಲ್ಲಿನ ಯಜಮಾನಿ ಗ್ರೇಸಮ್ಮ.

"ಆಪರೇಷನ್ ಕೋಣೆಯಿಂದ ಚೂರು ಇಸ್ಕೊಂಡು ಬಾ. ದಾರೀಲಿ ಕೈ ಬಿಡಬೇಡ!" ಅಂದಳು ಗ್ರೇಸಮ್ಮ.

"ಅಷ್ಟೇ ತಾನೆ? ಗೊತ್ತಾಯ್ತು ಬಿಡಿ!"

ಡಬ್ಬಿ ಕೊಟ್ರೆ ಬೇಡ ಅಂದ. ಚೂರನ್ನ ಮುಷ್ಟಿಯಲ್ಲಿ ಹಿಡಿದ. ಬಿಸಿಲಲ್ಲಿ ನಿಂತು ಟೀ ಕುಡಿದ, ಮುಷ್ಟಿ ಬಿಡಲಿಲ್ಲ. ಬಂದು ಬಿಚ್ಚಿದ್ರೆ, ಚೂರು ಒಣಗಿ ಹುಣಸೇಬೀಜದ ಹಂಗಾಗಿತ್ತು!

"ಅಯ್ಯೋ ಮಂಕೇ! ಪುಣ್ಯಕ್ಕೆ ಡಾಕ್ಟ್ರ ಹತ್ರ ಇನ್ನೊಂದು ಚೂರಿದೆ. ಆ ಕೋಣೆಯಿಂದ ಏನೇ ಬರಲಿ, ಬಂದ ತಕ್ಷಣ ಫಾರ್ಮಾಲಿನ್‌ನಲ್ಲಿ ಮುಳುಗಿಸು. ಆಗ ಕೆಡಲ್ಲ!"

"ಅಷ್ಟೇ ತಾನೆ? ಗೊತ್ತಾಯ್ತು ಬಿಡಿ!"

ಮಾರನೇ ದಿನ ಆ ಕೋಣೆಯಿಂದ ಬಂತು ದೊಡ್ಡ ಡಾಕ್ಟ್ರ ಕೈಗಡಿಯಾರ, ಹೊಸ ಪಟ್ಟಿ ಹಾಕಿಸ್ಕೊಂಡು ಬಾ ಅಂತ. ಮುಳುಗಿಸಿದ! ಮುಳ್ಳು ಅಲ್ಲೇ ನಿಂತುಬಿಡ್ತು.

"ಕೆಟ್ಟಿಲ್ಲಮ್ಮ, ಹಂಗೇ ಇದೆ!" ಅಂದ ಬೋರಲಿಂಗ, ಖುಷಿಯಾಗಿ.

ಗ್ರೇಸಮ್ಮ ಹಣೆ ಚಚ್ಚಿಕೊಂಡಳು. "ನೀನು ಮುಳುಗಿಸೋದೇ ಬೇಡ! ಮುಂದಿನ ಕೆಲಸ ಮಾಡು. ಒದ್ದೆ ಕಂಡ್ರೆ ಸ್ಪಿರಿಟ್ಟು ಹಾಕಿ ನೀರು ತೆಗಿ. ಆಮೇಲೆ ಮೇಣದಲ್ಲಿ ಕೂರಿಸು!"

"ಅಷ್ಟೇ ತಾನೆ? ಗೊತ್ತಾಯ್ತು ಬಿಡಿ!"

ಅವತ್ತೇ ಮಧ್ಯಾಹ್ನ ತಪಾಸಣೆಗೆ ಸಾಹೇಬರೊಬ್ಬರು ಬಂದ್ರು. ಹೊರಗೆ ಮಳೆ, ಸಾಹೇಬರು ತೊಯ್ದು ತೊಪ್ಪೆ. ಬೋರಲಿಂಗ ನೋಡಿದ. ಒದ್ದೆ! ತಲೆ ಮೇಲೆ ಒಂದು ಸೀಸೆ ಸ್ಪಿರಿಟ್ಟು ಸುರಿದ. "ಕೂತ್ಕೊಳ್ಳಿ ಸ್ವಾಮಿ" ಅಂತ ಬೆಚ್ಚಗಿನ ಮೇಣದ ತಟ್ಟೆಯಲ್ಲಿ ಕೂರಿಸಿದ. ಮೇಣ ಆರಿತು. ಸಾಹೇಬರು ಎದ್ರೆ ತಟ್ಟೆಯೂ ಎದ್ದಿತು!

"ಮೇಣದಲ್ಲಿ ಕೂತಮೇಲೆ ತೆಳ್ಳಗೆ ಕೊಯ್ಯೋದಲ್ವೇನಮ್ಮ?" ಅಂತ ಕೇಳಿದ್ದೇ ತಡ, ಸಾಹೇಬರು ತಟ್ಟೆ ಸಮೇತ ಓಡಿದ್ರು.

"ನಿನಗೆ ಕತ್ತಿ ಬೇಡ, ಬಣ್ಣ ಸಾಕು!" ಕಿರುಚಿದಳು ಗ್ರೇಸಮ್ಮ. "ಬಣ್ಣ ಹಾಕದೆ ನೋಡಿದ್ರೆ ಏನೂ ತಿಳಿಯಲ್ಲ. ಮೊದಲು ಬಣ್ಣ, ಆಮೇಲೆ ನೋಟ!"

ಹೇಳಿದ್ದನ್ನೇ ಮಾಡಿದ್ರೂ ಯಾಕೆ ಬೈತಾರೆ ಅಂತ ಬೋರಲಿಂಗನಿಗೆ ಬೇಜಾರಾಯ್ತು. ಇನ್ಮೇಲೆ ಒಂದಕ್ಷರ ತಪ್ಪಬಾರದು ಅಂದ್ಕೊಂಡು ಗುಲಾಬಿ ಬಣ್ಣದ ಸೀಸೆಯನ್ನ ಜೇಬಿಗೇ ಹಾಕ್ಕೊಂಡ.

ಭಾನುವಾರ ತಾಯಿ ಅವನನ್ನ ಹೆಣ್ಣು ನೋಡೋಕೆ ಕರ್ಕೊಂಡು ಹೋದಳು. ಹುಡುಗಿ ಚೆಲುವಮ್ಮ ತಲೆ ಬಗ್ಗಿಸಿ ಕೂತಳು.

"ನೋಡ್ಕೊಳ್ಳೋ ಮಗಾ" ಅಂದಳು ತಾಯಿ.

ಸುರಿದೇಬಿಟ್ಟ! ಹುಡುಗಿ ಮುಖ, ಸೀರೆ, ಚಾಪೆ, ಎಲ್ಲ ಗುಲಾಬಿ!

"ನಿನ್ನ ಹೆತ್ತ ಹೊಟ್ಟೆಗೆ ಏನು ಹೇಳಲೋ!" ಅಂತ ದೊಡ್ಡತಾಯಮ್ಮ ಕುಸಿದಳು. ಹುಡುಗಿಯ ಅಪ್ಪ ದೊಣ್ಣೆ ಹುಡುಕಿದ. ಚೆಲುವಮ್ಮ ಬಿದ್ದೂ ಬಿದ್ದೂ ನಕ್ಕಳು.

"ದೊಣ್ಣೆ ಇಡಪ್ಪಾ! ಬಂದೋರೆಲ್ಲ ಬಣ್ಣ ಕಮ್ಮಿ ಅಂತ ಹೇಳಿ ಹೋದ್ರು. ಕಮ್ಮಿ ಅನ್ನದೆ ತಾನೇ ತಂದು ಹಾಕಿದೋನು ಇವನೊಬ್ಬನೇ. ನಂಗೆ ಒಪ್ಪಿಗೆ!"

ಸುದ್ದಿ ಕೇಳಿ ಗ್ರೇಸಮ್ಮ ನಕ್ಕಳು, ಬೈದಳು. "ಇನ್ನು ಬಣ್ಣ ಮುಟ್ಟಬೇಡ! ಗಾಜಿಗೆ ಚೀಟಿ ಅಂಟಿಸು ಸಾಕು. ಯಾರದು ಅಂತ ಹೆಸರು ಬರೆದು, ಹೊಳೆಯೋ ಕಡೆ ಅಂಟಿಸು. ಇಲ್ದಿದ್ರೆ ಒಬ್ಬರದು ಇನ್ನೊಬ್ಬರ ಪಾಲಾಗುತ್ತೆ!"

"ಅಷ್ಟೇ ತಾನೆ? ಗೊತ್ತಾಯ್ತು ಬಿಡಿ!"

ಮದುವೆ ದಿನ ಬಂತು. ಮಾವ ಕಣ್ಣೊರೆಸ್ಕೊಂಡು, "ಇನ್ನು ಇವಳು ನಿನ್ನವಳು ಕಣಪ್ಪಾ" ಅಂದ. ಬೋರಲಿಂಗನಿಗೆ ಗ್ರೇಸಮ್ಮನ ಮಾತು ನೆನಪಾಯ್ತು. ಅಯ್ಯೋ, ಇನ್ನೊಬ್ಬರ ಪಾಲಾದ್ರೆ? ಚೀಟಿ ತೆಗೆದ, ಹೆಸರು ಬರೆದ, ಗೋಂದು ಬಳಿದ. ಹೊಳೆಯೋ ಕಡೆ ಹುಡುಕಿದ. ಚೆಲುವಮ್ಮನ ಹಣೆ ತುಂಬ ಅರಿಶಿನ, ಹೂವಿನ ಬಾಸಿಂಗ. ಎಲ್ಲೂ ಹೊಳಪಿಲ್ಲ. ಎದುರಿಗೆ ಪುರೋಹಿತರು ಬಗ್ಗಿ ಮಂತ್ರ ಹೇಳ್ತಿದ್ರು. ಅವರ ಬೋಳುತಲೆ ದೀಪದ ಬೆಳಕಿಗೆ ಫಳಫಳ!

ಪಟ್ ಅಂತ ಅಂಟಿಸಿದ: "ಬೋರಲಿಂಗನವಳು."