ಹಲ್ಲಿನ ಪಂಡಿತರ ಸನ್ಮಾನ

ದಂತಶಾಸ್ತ್ರದ ಮಹಾಪಂಡಿತ ಆಮೆಗೆ ಸನ್ಮಾನ, ನಂತರ ಉಪನ್ಯಾಸ ಎಂದು ಕೇಳಿ ತಾಯಿ ಅಳಿಲು ಊದಿದ ಕೆನ್ನೆ ಹಿಡಿದುಕೊಂಡು ಓಡಿ ಬಂತು. ಅದರ ಮುಂದಿನ ಹಲ್ಲು ಅಲುಗಾಡುತ್ತಿತ್ತು. ಅದು ಬಿದ್ದರೆ ಮರಿಗಳಿಗೆ ಕಾಯಿ ಒಡೆದು ಕೊಡುವವರಿರಲಿಲ್ಲ.

"ಪಂಡಿತರೇ, ನನ್ನ ಹಲ್ಲು ಸ್ವಲ್ಪ ನೋಡಿ," ಎಂದಿತು ಅಳಿಲು.

"ಪ್ರಶ್ನೆಗಳೆಲ್ಲ ವಂದನಾರ್ಪಣೆಯ ನಂತರ. ಕೂತ್ಕೊಳ್ಳಮ್ಮ," ಎಂದಿತು ಅಧ್ಯಕ್ಷೆ ಕೋಳಿ.

"ಪಂಡಿತರ ಬಾಯಲ್ಲಿ ಒಂದು ಹಲ್ಲೂ ಕಾಣುತ್ತಿಲ್ಲವಲ್ಲ?"

"ನನಗೂ ಇಲ್ಲ. ಅದಕ್ಕೇ ನಮಗೆ ಯಾವ ಹಲ್ಲಿನ ಮೇಲೂ ಪಕ್ಷಪಾತವಿಲ್ಲ."

ಆಮೆಗೆ ಶಾಲು ಹೊದಿಸಿದರು, ಪೇಟ ತೊಡಿಸಿದರು, ಕಬ್ಬು, ತೆಂಗಿನಕಾಯಿ, ಒಂದು ಬಾಳೆಹಣ್ಣು ಇದ್ದ ಬುಟ್ಟಿ ಕೊಟ್ಟರು. "ಹಲ್ಲುನೋವನ್ನು ಕಡೆಗಣಿಸಬಾರದು" ಎಂದು ಶುರುಮಾಡಿದ ಆಮೆ ಸಂಜೆಯವರೆಗೂ ಅದನ್ನೇ ಹೇಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ವಂದನಾರ್ಪಣೆಯ ನಡುವೆ ಅಳಿಲಿನ ಹಲ್ಲು ಉದುರಿತು.

ಕೋಳಿ ಪಕ್ಕಕ್ಕೆ ಸರಿದು ಕೂತಿತು. "ಬಾರಮ್ಮ, ಈಗ ನೀನೂ ವೇದಿಕೆಗೆ ಅರ್ಹಳಾದೆ. ಇನ್ನೊಂದು ಶಾಲು ತರಿಸುತ್ತೇನೆ."

"ಶಾಲು ತಿಂದು ನನ್ನ ಮಕ್ಕಳ ಹೊಟ್ಟೆ ತುಂಬುತ್ತದೆಯೇ ತಾಯಿ?" ಎಂದ ಅಳಿಲು ವೇದಿಕೆ ಹತ್ತಿ, ಬುಟ್ಟಿಯ ಬಾಳೆಹಣ್ಣನ್ನು ಎಳೆದುಕೊಂಡು ಮನೆಗೆ ಓಡಿತು.

ಪೇಟದ ಕೆಳಗಿಂದ ಆಮೆ ಮೆಲ್ಲಗೆ ಗೊಣಗಿತು: "ಆ ಬುಟ್ಟಿಯಲ್ಲಿ ನಾನು ತಿನ್ನಬಹುದಾಗಿದ್ದದ್ದು ಅದೊಂದೇ."